ಕ್ಲಿಕ್ ಧ್ವನಿ ಇದ್ದ ಮಾತ್ರಕ್ಕೆ ನಂಟು ಬೆಳೆಯುವುದಿಲ್ಲ

ಪ್ರಶ್ನೆ: ತಾಂಜಾನಿಯದ ಹಡ್ಜಾ ಭಾಷೆಯಲ್ಲೂ ಆಫ್ರಿಕಾದ ದಕ್ಷಿಣದ ಕಲಹರಿ ಮರುಭೂಮಿಯ ಬೇಟೆಗಾರರ ಭಾಷೆಗಳಲ್ಲೂ ಕ್ಲಿಕ್ ಧ್ವನಿಗಳಿವೆ. ಇವೆಲ್ಲ ಖೋಯಿಸಾನ್ ಎಂಬ ಒಂದೇ ಕುಟುಂಬದವು, ಮನುಷ್ಯನ ಮೊದಲ ಭಾಷೆಯ ಪಳೆಯುಳಿಕೆಗಳು ಎನ್ನಬಹುದೇ?

ಉತ್ತರ: ಎನ್ನಬಾರದು. ಯಾವುದೋ ವಿಡಿಯೊ ಹರಿದಾಡಿದಾಗಲೆಲ್ಲ ಈ ಪ್ರಶ್ನೆ ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಅಯ್ಯೋ ಪಾಪ ಎನ್ನುತ್ತ ನಾವು ಲೊಚಗುಟ್ಟುವ ಸದ್ದೇ ಕ್ಲಿಕ್‌ನ ಒಂದು ಬಗೆ. ಆ ಭಾಷೆಗಳಲ್ಲಿ ಅದು ಪದದೊಳಗೆ ಕೂರುವ ವ್ಯಂಜನ, ಅಷ್ಟೆ. ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಆಫ್ರಿಕಾದ ಭಾಷೆಗಳನ್ನು ನಾಲ್ಕು ಕುಟುಂಬಗಳಿಗೆ ಹಂಚಿದಾಗ ಹಡ್ಜಾ, ತಾಂಜಾನಿಯದ್ದೇ ಇನ್ನೊಂದು ಕ್ಲಿಕ್ ಭಾಷೆಯಾದ ಸಂದಾವೆ ಎರಡನ್ನೂ ದಕ್ಷಿಣದ ಭಾಷೆಗಳೊಡನೆ ಖೋಯಿಸಾನ್ ಎಂಬ ಹೆಸರಿನಡಿ ಸೇರಿಸಿದರು. ಅವರದು ಅನೇಕ ಭಾಷೆಗಳ ಪದಗಳನ್ನು ಒಟ್ಟಿಗಿಟ್ಟು ಹೋಲಿಕೆ ಹುಡುಕುವ ವಿಧಾನ. ನಂಟನ್ನು ಸಾಧಿಸಲು ಬೇಕಾದದ್ದು ಹೋಲಿಕೆಯಲ್ಲ, ಕ್ರಮಬದ್ಧವಾದ ಧ್ವನಿ ಸಂಬಂಧ: ಕನ್ನಡದ ಹಾಲು, ಹಲ್ಲು, ಹುಲಿಗಳಿಗೆ ತಮಿಳಿನಲ್ಲಿ ಪಾಲ್, ಪಲ್, ಪುಲಿ ಎಂದು ಸಾಲಾಗಿ ಪಕಾರವೇ ಎದುರಾಗುತ್ತದಲ್ಲ, ಅಂಥದ್ದು. ಹಡ್ಜಾಕ್ಕೆ ಯಾವ ಭಾಷೆಯೊಡನೆಯೂ ಇಂಥ ಸಾಲು ಈವರೆಗೆ ಒಪ್ಪುವಂತೆ ಸಿಕ್ಕಿಲ್ಲ. ಎಯಾಸಿ ಸರೋವರದ ಸುತ್ತಲಿನ ಸುಮಾರು ಸಾವಿರ ಮಂದಿ ಆಡುವ ಅದನ್ನು ಇಂದು ಬಹುತೇಕ ತಜ್ಞರು ಯಾವ ಕುಟುಂಬಕ್ಕೂ ಸೇರದ ಒಂಟಿ ಭಾಷೆಯೆಂದೇ ಎಣಿಸುತ್ತಾರೆ. ಸಂದಾವೆಗೆ ದಕ್ಷಿಣದ ಖೋಯೆ ಕುಟುಂಬದೊಡನೆ ದೂರದ ನಂಟಿರಬಹುದೆಂಬ ವಾದವಿದೆ, ಸರ್ವನಾಮಗಳ ಹೋಲಿಕೆ ಗಮನಾರ್ಹವೂ ಹೌದು. ಆದರೂ ನಾನು ಅದನ್ನು ತೀರ್ಮಾನವೆಂದು ಬರೆಯಲಾರೆ. ದಕ್ಷಿಣದಲ್ಲೇ ಖೋಯೆ, ತೂ, ಕ್ಖಾ ಎಂದು ಬೇರೆ ಬೇರೆ ಕುಟುಂಬಗಳಿವೆ.

ಇನ್ನು ಕ್ಲಿಕ್. ಬಂಟು ಎಂಬ ಬೇರೆಯೇ ಗುಂಪಿನ ಆಫ್ರಿಕನ್ ಭಾಷೆಗಳಾದ ಷೋಸಾ, ಜುಲು ಎರಡೂ ಅದನ್ನು ನೆರೆಯವರಿಂದ ಪಡೆದವು. ಕೀನ್ಯಾ ಕರಾವಳಿಯ ದಹಾಲೊ ಕುಶಿಟಿಕ್ ಎಂಬ ಮತ್ತೊಂದು ಗುಂಪಿನ ಭಾಷೆ, ಅದರಲ್ಲೂ ಕ್ಲಿಕ್ ಇದೆ. ಆಸ್ಟ್ರೇಲಿಯದ ಮಾರ್ನಿಂಗ್ಟನ್ ದ್ವೀಪದ ಲಾರ್ಡಿಲ್ ಜನರ ದೀಕ್ಷಾವಿಧಿಯ ಮಾತಾದ ಡಾಮಿನ್‌ನಲ್ಲೂ ಇತ್ತು. ಅದನ್ನೂ ಖೋಯಿಸಾನ್ ಎನ್ನೋಣವೇ?

‘ಮೊದಲ ಭಾಷೆ’ಯ ಮಾತಿಗೆ ಭಾಷಾವಿಜ್ಞಾನದಲ್ಲಿ ಆಧಾರವಿಲ್ಲ. ಉಳಿದೆಲ್ಲ ಭಾಷೆಗಳಂತೆ ಹಡ್ಜಾವೂ ಬದಲಾಗುತ್ತಲೇ ಬಂದಿದೆ, ನೆರೆಯ ಭಾಷೆಗಳಿಂದ ಪದಗಳನ್ನೂ ಪಡೆದಿದೆ. ಬೇಟೆಯಾಡಿ ಬದುಕುವವರ ಮಾತು ಹಳೆಯದಾಗಿರಲೇಬೇಕೆಂಬುದು ಆ ಜನರ ಬಗೆಗಿನ ನಮ್ಮ ಪೂರ್ವಗ್ರಹವೇ ಹೊರತು ಭಾಷೆಯ ಬಗೆಗಿನ ಪುರಾವೆಯಲ್ಲ.

ಪ್ರಶ್ನೆ: ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಬಂಗಿಮೆ ಭಾಷೆ ಆಡುವವರು ತಮ್ಮನ್ನು ಡೋಗೊನರೆಂದೇ ಕರೆದುಕೊಳ್ಳುತ್ತಾರೆ. ಹಾಗಿದ್ದರೂ ಅದು ಡೋಗೊನ್ ಭಾಷೆ ಅಲ್ಲವೇಕೆ?

ಉತ್ತರ: ಜನರ ಗುರುತು ಬೇರೆ, ಭಾಷೆಯ ವಂಶ ಬೇರೆ. ಬಂಗಿಮೆಯ ಮೂಲ ಪದಸಂಪತ್ತು, ವ್ಯಾಕರಣಗಳು ಡೋಗೊನ್‌ಗೆ ಹೊಂದುವುದಿಲ್ಲ.

ಪ್ರಶ್ನೆ: ಉತ್ತರ ಕನ್ನಡದ ಸಿದ್ದಿಗಳ ಮನೆಮಾತು ಯಾವ ಆಫ್ರಿಕನ್ ಕುಟುಂಬದ್ದು?

ಉತ್ತರ: ಯಾವುದೂ ಅಲ್ಲ. ಹೆಚ್ಚಿನವರದು ಕೊಂಕಣಿ, ಕೆಲವರದು ಉರ್ದು.

ಪ್ರಶ್ನೆ: ಸೆನೆಗಲ್‌ನ ವೊಲೊಫ್ ದ್ರಾವಿಡ ಭಾಷೆಯಂತೆ, ನಿಜವೇ?

ಉತ್ತರ: ಅಲ್ಲ, ಅದು ನೈಜರ್-ಕಾಂಗೊ ಕುಟುಂಬದ್ದು. ಕನ್ನಡವನ್ನು ಹೋಲುವ ಪದಗಳ ಪಟ್ಟಿ ಕಳುಹಿಸುವವರು ದಯವಿಟ್ಟು ಹೋಲದ ಪದಗಳ ಪಟ್ಟಿಯನ್ನೂ ಜೊತೆಗಿಡಿ.