ಟೀಚರಿಗೂ ಕಲಿಸುವ ಶಾಲೆ ಹುಡುಕಿ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಬೆಂಗಳೂರಿನಲ್ಲಿ ಮಾಂಟೆಸ್ಸರಿ ಡಿಪ್ಲೊಮಾ ಮುಗಿಸಿ, ಜಯನಗರದ ಶಾಲೆಯೊಂದರಲ್ಲಿ ಐದು ವರ್ಷ ಪಾಠ ಮಾಡಿದವರು ನೀವು. ಯಜಮಾನರ ಕೆಲಸದಿಂದಾಗಿ ಈಗ ಆಸ್ಟಿನ್‌ಗೆ ಬಂದಿದ್ದೀರಿ. ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಸಿಗುವ ಎಚ್-4 ವೀಸಾ ನಿಮ್ಮದು, ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿದ್ದೀರಿ. ‘ಅಕ್ಕಾ, ನನ್ನ ಡಿಪ್ಲೊಮಾ ಇಲ್ಲಿ ನಡೆಯುತ್ತಾ? ಒಂದು ಶಾಲೆಯವರು ಅಸಿಸ್ಟೆಂಟ್ ಆಗಿ ಬನ್ನಿ ಅಂತಾರೆ, ಹೋಗಲಾ? ವರ್ಷಾ ವರ್ಷಾ ಟ್ರೇನಿಂಗ್ ಗಂಟೆ ತೋರಿಸಬೇಕಂತೆ, ಅದೇನು?’ ಎಂದು ಕೇಳಿದ್ದೀರಿ. ನಾನು ಟೆಕ್ಸಾಸ್‌ನಲ್ಲಿ ಇದೇ ಕೆಲಸದಲ್ಲಿ ಬಹಳ ವರ್ಷ ಕಳೆದವಳು. ಅಸಿಸ್ಟೆಂಟ್ ಆಗಿ ಶುರು ಮಾಡಿದೆ, ಆಮೇಲೆ ಗೈಡ್ (ಮಾಂಟೆಸ್ಸರಿ ತರಗತಿಯ ಮುಖ್ಯ ಟೀಚರ್) ಆದೆ, ಈಗ ಶಾಲೆಗೆ ಹೊಸದಾಗಿ ಸೇರುವವರ ತರಬೇತಿ ನೋಡಿಕೊಳ್ಳುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆ ನನ್ನ ದಿನನಿತ್ಯದ ವಿಷಯವೇ.

ಮೊದಲು ಇಎಡಿ ಮಾತಾಡೋಣ, ಏಕೆಂದರೆ ಇದರಲ್ಲಿ ಎಡವಿದರೆ ಮುಂದಿನದೆಲ್ಲ ಕಷ್ಟ. ಕಾರ್ಡ್ ಕೈಗೆ ಬರುವವರೆಗೆ ಕೆಲಸ ಬೇಡವೇ ಬೇಡ. ‘ಸಂಬಳದ ಮಾತು ಆಮೇಲೆ, ಸದ್ಯಕ್ಕೆ ಸುಮ್ನೆ ವಾಲಂಟಿಯರ್ ಆಗಿ ಬನ್ನಿ’ ಎಂದು ಯಾವುದಾದರೂ ಖಾಸಗಿ ಶಾಲೆ ಕರೆದರೂ ಒಪ್ಪಬೇಡಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ಅದನ್ನು ಅನುಮತಿ ಇಲ್ಲದ ಕೆಲಸ ಎಂದು ಲೆಕ್ಕ ಹಾಕಬಹುದು. ಓದುವುದಕ್ಕೆ ಮಾತ್ರ ಎಚ್-4ನಲ್ಲಿ ಅಡ್ಡಿಯಿಲ್ಲ. ಕೋರ್ಸಿಗೆ ಸೇರಬಹುದು, ಮನೆಯಲ್ಲೇ ಕೂತು ಆನ್‌ಲೈನ್ ತರಗತಿ ಮಾಡಬಹುದು. ಆದರೆ ಕೋರ್ಸಿನ ಭಾಗವಾಗಿ ಶಾಲೆಯಲ್ಲಿ ಮಾಡುವ ಪ್ರಾಕ್ಟಿಕಮ್ ಶುರು ಮಾಡುವ ಮುಂಚೆ ವಲಸೆ ವಕೀಲರನ್ನು ಒಂದು ಮಾತು ಕೇಳಿ. ಆ ಫೀಸ್ ದಂಡವಲ್ಲ.

ಇನ್ನು ಡಿಪ್ಲೊಮಾ. ಇಲ್ಲಿ ಬೀದಿಗೊಂದು ಮಾಂಟೆಸ್ಸರಿ ಬೋರ್ಡ್ ಕಾಣುತ್ತೆ, ಅಲ್ವಾ? ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ ಎಂದು ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 1967ರಲ್ಲೇ ತೀರ್ಮಾನಿಸಿತು. ಅಂದರೆ ಯಾರು ಬೇಕಾದರೂ ಆ ಬೋರ್ಡ್ ಹಾಕಬಹುದು. ಕಪಾಟಿನಲ್ಲಿ ಪಿಂಕ್ ಟವರ್ ಎಂಬ ಗುಲಾಬಿ ಘನಗಳ ಮಾಂಟೆಸ್ಸರಿ ಸಾಮಗ್ರಿ ಇಟ್ಟು, ಉಳಿದದ್ದೆಲ್ಲ ವರ್ಕ್‌ಶೀಟ್ ಮಾಡಿಸುವ ಶಾಲೆಗಳನ್ನೂ ನೋಡಿದ್ದೇನೆ. ಆದ್ದರಿಂದ ಶಾಲೆ ಯಾವ ಸಂಸ್ಥೆಯ ಜೊತೆ ಇದೆ ಎಂದು ಮೊದಲು ನೋಡಿ. ಎಎಂಐ (ಅಸೋಸಿಯೇಶನ್ ಮಾಂಟೆಸ್ಸರಿ ಇಂಟರ್‌ನ್ಯಾಶನಲ್) ಎಂದರೆ ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿ ತಮ್ಮ ಮಗ ಮಾರಿಯೊ ಜೊತೆ 1929ರಲ್ಲಿ ಕಟ್ಟಿದ್ದು, ಅದರ ಕಚೇರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಎಎಂಎಸ್ (ಅಮೆರಿಕನ್ ಮಾಂಟೆಸ್ಸರಿ ಸೊಸೈಟಿ) ಅಮೆರಿಕದ್ದು, ನ್ಯಾನ್ಸಿ ಮೆಕಾರ್ಮಿಕ್ ರಾಂಬುಶ್ 1960ರಲ್ಲಿ ಶುರು ಮಾಡಿದ್ದು. ಟೀಚರ್ ಟ್ರೇನಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವುದು ಮ್ಯಾಕ್ಟಿ ಎಂಬ ಇನ್ನೊಂದು ಮಂಡಳಿ. ನಿಮ್ಮದು ಎಎಂಐ ಡಿಪ್ಲೊಮಾ ಆಗಿದ್ದರೆ ದಾರಿ ಸಲೀಸು. ಬೇರೆ ಕೋರ್ಸ್ ಆಗಿದ್ದರೆ ಒಂದು ಶಾಲೆ ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ. ಗೈಡ್ ಆಗಬೇಕೆಂದರೆ ಕೆಲವು ಕಡೆ ಮತ್ತೆ ಕೋರ್ಸ್ ಮಾಡಿ ಎನ್ನುತ್ತಾರೆ.

ಇದನ್ನು ಕೇಳಿ ಬೇಜಾರು ಮಾಡಿಕೊಳ್ಳಬೇಡಿ. ನೀವು ಕಲಿತದ್ದು ಕಡಿಮೆಯದಲ್ಲ. ಮರಿಯಾ ಮಾಂಟೆಸ್ಸರಿ 1939ರ ಕೊನೆಯಲ್ಲಿ ಥಿಯಸಾಫಿಕಲ್ ಸೊಸೈಟಿಯ ಕರೆಯ ಮೇಲೆ ಮದ್ರಾಸಿನ ಅಡ್ಯಾರಿಗೆ ಬಂದದ್ದೇ ಟೀಚರುಗಳಿಗೆ ತರಬೇತಿ ಕೊಡಲು. ಅಷ್ಟರಲ್ಲಿ ಇಟಲಿಯೂ ಯುದ್ಧಕ್ಕಿಳಿಯಿತು, ಇಟಲಿಯವರಾದ್ದರಿಂದ ಬ್ರಿಟಿಷರ ನಿರ್ಬಂಧಕ್ಕೆ ಸಿಕ್ಕಿಕೊಂಡರು, 1946ರವರೆಗೆ ನಮ್ಮಲ್ಲೇ ಉಳಿದರು. ಅಡ್ಯಾರಿನಲ್ಲಿ, ಕೊಡೈಕನಾಲಿನಲ್ಲಿ ಅವರು ಕೊಟ್ಟ ಪಾಠಗಳಿಂದ ಭಾರತದ ತರಬೇತಿಯ ಪರಂಪರೆ ಬೆಳೆಯಿತು. ಅವರ ಪ್ರತಿನಿಧಿಯಾಗಿ ನಿಂತ ಎ. ಎಂ. ಜೂಸ್ಟನ್ ಆಮೇಲೆ ದಶಕಗಳ ಕಾಲ ಬೆಂಗಳೂರೂ ಸೇರಿದಂತೆ ಹಲವು ಊರುಗಳಲ್ಲಿ ಕೋರ್ಸ್ ನಡೆಸಿದರು. ಸಂದರ್ಶನದಲ್ಲಿ ಕೇಳಿದರೆ ಇದನ್ನು ಧೈರ್ಯವಾಗಿ ಹೇಳಿ. ಇಲ್ಲಿನ ಹಳೆಯ ಗೈಡ್‌ಗಳಿಗೆ ಆ ಇತಿಹಾಸದ ಬಗ್ಗೆ ತುಂಬಾ ಗೌರವವಿದೆ.

ಇನ್ನೊಂದು ಮಾತು. ತರಬೇತಿಯಲ್ಲಿ ಪಾಠಗಳನ್ನು ಬರೆದಿಟ್ಟ ನಿಮ್ಮ ಆಲ್ಬಮ್‌ಗಳನ್ನು ಊರಿನಲ್ಲಿ ಬಿಟ್ಟು ಬಂದಿದ್ದರೆ ತರಿಸಿಕೊಳ್ಳಿ. ಇಪಿಎಲ್ (ದಿನನಿತ್ಯದ ಬದುಕಿನ ಕೆಲಸಗಳು), ಸೆನ್ಸೋರಿಯಲ್ (ಇಂದ್ರಿಯಗಳ ಪಾಠ), ಗಣಿತ, ಭಾಷೆ, ಎಲ್ಲವೂ ಬೇಕು. ಬೆಂಗಳೂರಿನಲ್ಲಿ ರಾತ್ರಿಯೆಲ್ಲ ಕೂತು ಕೈಯಲ್ಲಿ ಬರೆದು, ಸ್ಕೇಲ್ ಇಟ್ಟು ಚಿತ್ರ ಬಿಡಿಸಿದ ಆ ಪುಸ್ತಕಗಳನ್ನು ಮೇಜಿನ ಮೇಲಿಟ್ಟರೆ ಅರ್ಧ ಸಂದರ್ಶನ ಮುಗಿದ ಹಾಗೆ. ಜೊತೆಗೆ ಹಳೆಯ ಶಾಲೆಯಿಂದ ಲೆಟರ್‌ಹೆಡ್ ಮೇಲೆ ಒಂದು ಪತ್ರ ತರಿಸಿ. ಯಾವ ವಯಸ್ಸಿನ ಮಕ್ಕಳು, ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ ಎಂದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಡಿಗ್ರಿಯ ಮೌಲ್ಯಮಾಪನವನ್ನು, ವಿದೇಶಿ ಡಿಗ್ರಿ ಇಲ್ಲಿನ ಯಾವುದಕ್ಕೆ ಸಮ ಎಂದು ಹೇಳುವ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಮಾಡಿಸಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಡಲ್ಲಾಸ್, ಹ್ಯೂಸ್ಟನ್‌ನಲ್ಲಿ ಸರ್ಕಾರಿ ಮಾಂಟೆಸ್ಸರಿ ಶಾಲೆಗಳೂ ಇವೆ. ಅಲ್ಲಿ ಟೀಚರ್ ಆಗಬೇಕಾದರೆ ಸಾಮಾನ್ಯವಾಗಿ ರಾಜ್ಯದ ಟೀಚಿಂಗ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಡಿಗ್ರಿ ಬೇಕೇ ಬೇಕು.

ಗಂಟೆಗಳ ಲೆಕ್ಕ ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಇರುವ ಚೈಲ್ಡ್ ಕೇರ್ ಸೆಂಟರ್‌ನಲ್ಲಿ ಮಕ್ಕಳ ಜೊತೆ ಇರುವ ಪ್ರತಿಯೊಬ್ಬರೂ ವರ್ಷಕ್ಕೆ 24 ಗಂಟೆ ತರಬೇತಿ ತೋರಿಸಬೇಕು, ಡೈರೆಕ್ಟರ್ ಆದರೆ 30. ನಮ್ಮ ಪುಟ್ಟ ಮಕ್ಕಳ ಮಾಂಟೆಸ್ಸರಿ ಶಾಲೆಗಳು ಹೆಚ್ಚಿನವು ಈ ಲೈಸೆನ್ಸಿನ ಕೆಳಗೇ ಬರುತ್ತವೆ. ಫಸ್ಟ್ ಏಯ್ಡ್ ಮತ್ತು ಸಿಪಿಆರ್ ಇದರಲ್ಲಿ ಸೇರುವುದಿಲ್ಲ, ಅದು ಬೇರೆ. ಅನುಭವದ ದಾಖಲೆ ಇಲ್ಲದೆ ಹೊಸದಾಗಿ ಸೇರುವವರಿಗೆ ಶುರುವಿನಲ್ಲೇ ಇನ್ನೊಂದು 24 ಗಂಟೆ ಇದೆ. ಅದರಲ್ಲಿ 8 ಗಂಟೆ ಮುಗಿಯದೆ ಮಕ್ಕಳ ಗುಂಪನ್ನು ನಿಮ್ಮ ಹೊಣೆಗೆ ಬಿಡುವುದಿಲ್ಲ. ಎಎಂಎಸ್‌ನವರದ್ದು ಬೇರೆ ಲೆಕ್ಕ. 2013ರ ಜುಲೈ ನಂತರ ಅವರಿಂದ ಕ್ರೆಡೆನ್ಶಿಯಲ್ (ಟೀಚರ್ ಅರ್ಹತಾಪತ್ರ) ಪಡೆದವರು ಐದು ವರ್ಷಕ್ಕೆ 50 ಗಂಟೆ ಮಾಡಿದರೆ ಮಾತ್ರ ಅದು ಚಾಲ್ತಿಯಲ್ಲಿರುತ್ತದೆ. ಸರ್ಕಾರಿ ಶಾಲೆಯ ಸರ್ಟಿಫಿಕೇಟಿಗೆ ಐದು ವರ್ಷಕ್ಕೆ 150 ಗಂಟೆ. ಒಂದೇ ತರಬೇತಿ ಕೆಲವು ಸಲ ಎರಡು ಕಡೆಗೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಪ್ರತಿ ಸರ್ಟಿಫಿಕೇಟನ್ನೂ ಜೋಪಾನ ಮಾಡಿ. ಟಿಇಸಿಪಿಡಿಎಸ್ ಎಂಬ ರಾಜ್ಯದ ರಿಜಿಸ್ಟ್ರಿ ಇದೆ, ಅಲ್ಲಿ ಖಾತೆ ತೆರೆದು ಎಲ್ಲವನ್ನೂ ಹಾಕಿಟ್ಟರೆ ಶಾಲೆ ಬದಲಾಯಿಸಿದಾಗ ಪರದಾಡಬೇಕಾಗಿಲ್ಲ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಆಗ್ರಿಲೈಫ್‌ನವರ ಆನ್‌ಲೈನ್ ಕೋರ್ಸುಗಳಲ್ಲಿ ಕೆಲವು ಉಚಿತ. ಇಎಡಿ ಬರುವವರೆಗೆ ಅವನ್ನು ಮಾಡುತ್ತಿರಿ.

ಆ ಕೋರ್ಸುಗಳಲ್ಲಿ ಎರಡು ವಿಷಯ ಗಮನವಿಟ್ಟು ಕಲಿಯಿರಿ, ಏಕೆಂದರೆ ನಮ್ಮೂರಿನ ಅಭ್ಯಾಸ ಬೇರೆ. ಮಗುವಿಗೆ ಮನೆಯಲ್ಲೋ ಬೇರೆಲ್ಲೋ ಹಿಂಸೆ ಆಗುತ್ತಿದೆ ಎಂಬ ಅನುಮಾನ ಬಂದರೆ ನೀವೇ ವರದಿ ಮಾಡಬೇಕು. ಪ್ರಿನ್ಸಿಪಾಲರ ಕಿವಿಗೆ ಹಾಕಿದೆ, ನನ್ನ ಹೊಣೆ ಮುಗಿಯಿತು ಎನ್ನುವ ಹಾಗಿಲ್ಲ. ಇನ್ನೊಂದು, ತುಂಟತನಕ್ಕೆ ಕೈಮೇಲೆ ಮೆಲ್ಲಗೆ ತಟ್ಟುವುದು, ‘ಊಟ ಇಲ್ಲ ನೋಡು’ ಎಂದು ಹೆದರಿಸುವುದು, ಇದೆಲ್ಲ ಇಲ್ಲಿ ನಿಯಮದ ಪ್ರಕಾರವೇ ನಿಷೇಧ.

ಇಷ್ಟು ಕಾಗದದ ಮಾತಾಯಿತು. 24 ಗಂಟೆ ತುಂಬಿಸುವುದು ಏನೂ ಕಷ್ಟವಲ್ಲ. ಸ್ಲೈಡ್ ಒತ್ತುತ್ತಾ ಹೋಗಿ, ಕೊನೆಯಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿ, ಸರ್ಟಿಫಿಕೇಟ್ ಪ್ರಿಂಟ್ ತೆಗೆದರಾಯಿತು. ಅದರಿಂದ ಲೈಸೆನ್ಸ್ ಉಳಿಯುತ್ತದೆ, ತರಗತಿ ಬದಲಾಗುವುದಿಲ್ಲ. ತರಗತಿಯನ್ನು ಬದಲಾಯಿಸುವ ತರಬೇತಿ ಹೇಗಿರುತ್ತದೆ ಎಂದು ಒಂದು ಘಟನೆ ಹೇಳುತ್ತೇನೆ.

ನಮ್ಮಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ಇದ್ದ. ಸುಮ್ಮನೆ ಓಡಾಡುತ್ತಾನೆ, ಯಾವ ಕೆಲಸಕ್ಕೂ ಕೂರುವುದಿಲ್ಲ ಎಂದು ಎಲ್ಲರ ದೂರು. ಆಗ ತರಬೇತಿಗೆ ಬಂದಿದ್ದ ಹಿರಿಯ ಗೈಡ್ ಒಂದು ಕೆಲಸ ಕೊಟ್ಟರು: ಅರ್ಧ ಗಂಟೆ ಕುರ್ಚಿಯಲ್ಲಿ ಕೂತು, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ‘ಮಗುವಿಗೆ ಬೇಜಾರಾಗಿದೆ’ ಎಂದು ಬರೆಯಬೇಡಿ, ಅದು ನಿಮ್ಮ ಊಹೆ. ಆ ತರಗತಿಯ ಅಸಿಸ್ಟೆಂಟ್ ಕೂತಳು. ಅವಳ ಹಾಳೆಯಲ್ಲಿ ಇದ್ದದ್ದು ಹೀಗೆ: 9:10, ನಕ್ಷೆಗಳ ಕಪಾಟಿನ ಮುಂದೆ ನಿಂತ. 9:13, ಆಫ್ರಿಕಾದ ಮರದ ನಕ್ಷೆಯನ್ನು ಅರ್ಧ ಎಳೆದ, ಹಲಗೆ ವಾಲಿತು, ಒಳಗೆ ತಳ್ಳಿದ. 9:14, ದೊಡ್ಡವರೊಬ್ಬರು ಬಂದು ‘ಏನಾದರೂ ಕೆಲಸ ತಗೋ’ ಎಂದರು, ಹೊರಟುಹೋದ. 9:22, ಮತ್ತೆ ಅದೇ ಕಪಾಟು. 9:31, ಮತ್ತೆ. ಸಂಜೆ ಆ ಹಾಳೆಯನ್ನು ಎಲ್ಲರೂ ಕೂತು ಓದಿದೆವು. ಹುಡುಗ ದಾರಿ ತಪ್ಪಿ ಅಲೆಯುತ್ತಿರಲಿಲ್ಲ. ಅವನಿಗೆ ಬೇಕಾದ ನಕ್ಷೆ ಅವನ ಎದೆಗಿಂತ ಎತ್ತರದ ಗೂಡಿನಲ್ಲಿತ್ತು, ಒಬ್ಬನೇ ಇಳಿಸಲು ಆಗುತ್ತಿರಲಿಲ್ಲ. ಮರುದಿನ ಅದನ್ನು ಕೆಳಗಿನ ಗೂಡಿಗೆ ಇಟ್ಟು, ಎರಡೂ ಕೈಯಲ್ಲಿ ಹಲಗೆ ಹಿಡಿಯುವುದು ಹೇಗೆ ಎಂದು ತೋರಿಸಿದರು. ಆ ಬೆಳಿಗ್ಗೆ ಅವನು ಚಾಪೆ ಬಿಟ್ಟು ಏಳಲಿಲ್ಲ. ಸೆಮಿನಾರಿನಲ್ಲಿ ಕಲಿಯುವುದಕ್ಕಿಂತ ಜಾಸ್ತಿಯನ್ನು ಆ ಒಂದು ಹಾಳೆ ಕಲಿಸಿತು.

ಗಮನಿಸಿ, ಅದನ್ನು ಬರೆದವಳು ಅಸಿಸ್ಟೆಂಟ್. ಈ ವಿಷಯದಲ್ಲಿ ನನಗೆ ನಿಜವಾಗಿಯೂ ಸಂಕಟವಿದೆ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಪಿಡಿ ಡೇ (ಸಿಬ್ಬಂದಿಯ ತರಬೇತಿಯ ದಿನ) ಬಂತೆಂದರೆ ಗೈಡ್‌ಗಳಿಗೆ ತರಬೇತಿ, ಅಸಿಸ್ಟೆಂಟ್‌ಗಳಿಗೆ ಕಪಾಟು ಒರೆಸುವುದು, ಲ್ಯಾಮಿನೇಶನ್ ಮಾಡುವುದು. ಸಂಜೆಯ ಆಫ್ಟರ್ ಕೇರ್‌ನವರನ್ನಂತೂ ಕರೆಯುತ್ತಲೇ ಇರಲಿಲ್ಲ. ಮಕ್ಕಳಿಗೆ ಈ ಭೇದ ಗೊತ್ತಾ? ಬೆಳಿಗ್ಗೆ ನೀರು ಚೆಲ್ಲಿದ ಮಗು ತಾನೇ ಸ್ಪಂಜ್ ತಂದು ಒರೆಸುತ್ತದೆ. ಸಂಜೆ ಅದೇ ಮಗು ಚೆಲ್ಲಿದಾಗ ಯಾರೋ ಓಡಿಬಂದು ‘ಅಯ್ಯೋ ಬಿಡು’ ಎಂದು ತಾವೇ ಒರೆಸಿಬಿಟ್ಟರೆ, ಬೆಳಗಿನ ಪಾಠ ಏನಾಯಿತು? ಮಕ್ಕಳು ಅಡ್ಡಿಯಿಲ್ಲದೆ ತಾವೇ ಆರಿಸಿದ ಕೆಲಸ ಮಾಡುವ ಮೂರು ಗಂಟೆಯ ಮಧ್ಯೆ ಫ್ರಂಟ್ ಆಫೀಸಿನವರು ಬಾಗಿಲು ತೆರೆದು ಮಗುವಿನ ಹೆಸರು ಕೂಗಿದರೆ ಇಡೀ ತರಗತಿಯ ಗಮನ ಚೆದುರುತ್ತದೆ. ಅವರ ತಪ್ಪಲ್ಲ ಅದು, ಯಾರೂ ಹೇಳಿಕೊಟ್ಟಿರುವುದಿಲ್ಲ. ಅಡುಗೆಮನೆಯವರು, ಆಫೀಸಿನವರು, ಸಂಜೆಯವರು, ಎಲ್ಲರನ್ನೂ ಕೂರಿಸಿಕೊಂಡು ಮಾಡುವ ತರಬೇತಿಯೇ ಸರಿಯಾದ ತರಬೇತಿ ಎಂದು ನಾನು ನಂಬಿದ್ದೇನೆ, ಅದಕ್ಕಾಗಿ ನಮ್ಮ ಶಾಲೆಯಲ್ಲಿ ಜಗಳವನ್ನೂ ಆಡಿದ್ದೇನೆ.

ಹಾಗಾದರೆ ಅಸಿಸ್ಟೆಂಟ್ ಕೆಲಸಕ್ಕೆ ಹೋಗಬಹುದಾ? ಹೋಗಿ. ಐದು ವರ್ಷ ತರಗತಿ ನಡೆಸಿದವಳು ಇಲ್ಲಿ ತಟ್ಟೆ ಜೋಡಿಸಬೇಕಾ ಎಂದು ಮನಸ್ಸು ಕುಗ್ಗುತ್ತದೆ, ನಿಜ. ಆದರೆ ಒಳ್ಳೆಯ ಗೈಡ್ ಪಕ್ಕದಲ್ಲಿ ಒಂದು ವರ್ಷ ಇದ್ದರೆ ಇಲ್ಲಿನ ಮಕ್ಕಳ ಮಾತು, ಪೋಷಕರ ಜೊತೆ ಮಾತಾಡುವ ರೀತಿ, ವರದಿ ಬರೆಯುವ ಕ್ರಮ ಎಲ್ಲ ಕೈಗೆ ಹತ್ತುತ್ತದೆ. ಅಲ್ಲಿದ್ದುಕೊಂಡೇ ಕೋರ್ಸ್ ಮಾಡಿ, ಅದೇ ತರಗತಿಯನ್ನು ಪ್ರಾಕ್ಟಿಕಮ್ ಮಾಡಿಕೊಂಡು ಗೈಡ್ ಆದವರು ಬಹಳ ಜನ. ಕೋರ್ಸಿನ ಖರ್ಚು ಸಾವಿರಾರು ಡಾಲರ್. ಎಎಂಎಸ್ ಪ್ರತಿ ವರ್ಷ ಸ್ಕಾಲರ್‌ಶಿಪ್ ಕೊಡುತ್ತದೆ, ತಪ್ಪದೆ ಅರ್ಜಿ ಹಾಕಿ. ಶಾಲೆಯೇ ಫೀಸ್ ಕಟ್ಟುತ್ತೇವೆ ಎಂದರೆ ಖುಷಿಪಡುವ ಮುಂಚೆ ಒಪ್ಪಂದ ಓದಿ. ಇಷ್ಟು ವರ್ಷ ಇಲ್ಲೇ ಇರಬೇಕು, ಬಿಟ್ಟರೆ ಹಣ ವಾಪಸ್ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಯಜಮಾನರ ಕೆಲಸ ಊರು ಬದಲಾದರೆ ಏನು ಗತಿ ಎಂದು ಅಲ್ಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ನಿಮ್ಮನ್ನು ಕರೆದಿರುವ ಆ ಶಾಲೆಗೆ ಹೋದಾಗ ಸಂಬಳ ಕೇಳಿದಷ್ಟೇ ಗಟ್ಟಿಯಾಗಿ ಇವನ್ನೂ ಕೇಳಿ. ವರ್ಷಕ್ಕೆ ಎಷ್ಟು ಪಿಡಿ ಡೇ? ಅಸಿಸ್ಟೆಂಟ್‌ಗಳೂ ಕೂರುತ್ತಾರಾ, ಆ ದಿನಕ್ಕೆ ಸಂಬಳ ಇದೆಯಾ? ಮೊದಲ ತಿಂಗಳು ನನ್ನ ಜೊತೆ ಯಾರು ಇರುತ್ತಾರೆ? ಬೇರೆ ತರಗತಿಗೆ ಹೋಗಿ ಅಬ್ಸರ್ವ್ ಮಾಡಲು ಬಿಡುತ್ತೀರಾ? ಕಳೆದ ವರ್ಷ ಇದ್ದ ಗೈಡ್‌ಗಳಲ್ಲಿ ಎಷ್ಟು ಜನ ಉಳಿದಿದ್ದಾರೆ? ತಡವರಿಸದೆ ಉತ್ತರ ಕೊಟ್ಟರೆ ಒಳ್ಳೆಯ ಲಕ್ಷಣ. ‘ಆನ್‌ಲೈನ್‌ನಲ್ಲಿ ನೀವೇ ಮನೆಯಲ್ಲಿ ಮಾಡಿಕೊಳ್ಳಿ’ ಎಂದರೆ ಇನ್ನೊಂದು ಶಾಲೆ ನೋಡಿ. ಆಸ್ಟಿನ್ ಸುತ್ತಮುತ್ತ ಶಾಲೆಗಳಿಗೆ ಬರವಿಲ್ಲ.

ಇಲ್ಲಿ ಶಾಲೆಗಳು ಆಗಸ್ಟ್ ಮಧ್ಯದಲ್ಲಿ ಶುರುವಾಗುತ್ತವೆ, ಸಿಬ್ಬಂದಿಗೆ ಅದಕ್ಕೂ ಒಂದೆರಡು ವಾರ ಮುಂಚೆ ತರಬೇತಿ ಇರುತ್ತದೆ. ವಸಂತದಲ್ಲೇ ಅರ್ಜಿ ಹಾಕಿದರೆ ಆ ವಾರಗಳು ನಿಮಗೆ ಸಿಗುತ್ತವೆ, ಮಧ್ಯದಲ್ಲಿ ಸೇರಿದರೆ ತಪ್ಪಿಹೋಗುತ್ತವೆ. ಬೆರಳಚ್ಚು ಮತ್ತು ಹಿನ್ನೆಲೆ ಪರಿಶೀಲನೆಗೆ ಶಾಲೆಯೇ ಕಳಿಸುತ್ತದೆ, ಅದು ಮುಗಿಯಲು ಸ್ವಲ್ಪ ಸಮಯ ಹಿಡಿಯುತ್ತದೆ. ಪುಟ್ಟ ಮಕ್ಕಳ ಫಸ್ಟ್ ಏಯ್ಡ್ ಮತ್ತು ಸಿಪಿಆರ್ ತರಗತಿಯನ್ನು ಮಾತ್ರ ಈ ತಿಂಗಳೇ ಮಾಡಿ ಮುಗಿಸಿ, ಅದಕ್ಕೆ ಇಎಡಿ ಬೇಕಾಗಿಲ್ಲ. ಕೈಯಲ್ಲಿ ಮಾಡಿ ತೋರಿಸುವ ಭಾಗವಿರುವ ತರಗತಿಯನ್ನೇ ಆರಿಸಿಕೊಳ್ಳಿ.