ಗೋಶೆ ಇರುವ ಮಗಳನ್ನು ಮ್ಯಾಂಚೆಸ್ಟರ್‌ಗೆ ಕರೆತರಬಹುದಾ?

ನಮಸ್ಕಾರ ಮೇಡಂ. ಯಜಮಾನರಿಗೆ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಸಿಕ್ಕಿದೆ, ಆರು ವರ್ಷದ ಮಗಳಿಗೆ ಗೋಶೆ ಕಾಯಿಲೆ (ಒಂದು ಎಂಜೈಮ್ ಕೊರತೆಯಿಂದ ಗುಲ್ಮ, ಪಿತ್ತಜನಕಾಂಗದಲ್ಲಿ ಕೊಬ್ಬಿನಂಶ ತುಂಬಿಕೊಳ್ಳುವ ಅಪರೂಪದ ಹುಟ್ಟು ಕಾಯಿಲೆ), ಬೆಂಗಳೂರಿನಲ್ಲಿ ಹದಿನೈದು ದಿನಕ್ಕೊಮ್ಮೆ ಎಂಜೈಮ್ ಡ್ರಿಪ್ ನಡೆಯುತ್ತಿದೆ, ಇಲ್ಲಿಗೆ ಬಂದರೆ ಅದು ಮುಂದುವರಿಯುತ್ತಾ, ಜೀವನ ಹೇಗೆ ಅಂತ ಕೇಳಿದ್ದೀರಿ. ನನಗೂ ಅದೇ ಕಾಯಿಲೆ, ಟೈಪ್ 1. ಚಳಿ, ಮನೆ ಬಾಡಿಗೆ, ದೋಸೆ ಹಿಟ್ಟಿನ ವಿಷಯ ಬೇರೆಯವರು ಹೇಳಲಿ. ನಾನು ಡ್ರಿಪ್ ವಿಷಯ ಹೇಳುತ್ತೇನೆ.

ಮುಂದುವರಿಯುತ್ತದೆ. ಆದರೆ ಪುಕ್ಕಟೆ ಅಂದುಕೊಳ್ಳಬೇಡಿ. ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಐದು ವರ್ಷದ ವೀಸಾ ಆದರೆ ನಿಮ್ಮ ಮೂವರಿಗೆ 14,230 ಪೌಂಡ್, ಅದೂ ಒಂದೇ ಸಲ! ಕಟ್ಟಿದ ಮೇಲೆ ಮಾತ್ರ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಇಲ್ಲಿಯವರಿಗೆ ಸಿಗುವ ಚಿಕಿತ್ಸೆಯೇ ನಿಮಗೂ ಸಿಗುತ್ತದೆ. ಇನ್ಶೂರೆನ್ಸ್‌ನವರ ಹಾಗೆ 'ಕಾಯಿಲೆ ಮುಂಚೆಯೇ ಇತ್ತಲ್ವಾ' ಅಂತ ಯಾರೂ ರಾಗ ಎಳೆಯುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದು ನೋಡೋಣ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ, ಆಸ್ಪತ್ರೆ ಒಂದೂವರೆ ಪಟ್ಟು ಬಿಲ್ ಮಾಡುತ್ತದೆ.

ನನ್ನ ಅಡುಗೆಮನೆ ಮೂಲೆಯಲ್ಲಿ ಔಷಧಿಗೆ ಅಂತಲೇ ಒಂದು ಪುಟ್ಟ ಫ್ರಿಜ್ ಇದೆ. ನರ್ಸ್ ಮನೆಗೇ ಬರುತ್ತಾರೆ. ಪುಡಿ ಇರುವ ಬಾಟಲಿಗೆ ನೀರು ಸೇರಿಸಿ ಮೆಲ್ಲಗೆ ತಿರುಗಿಸುತ್ತಾರೆ. ಕುಲುಕಿ ನೊರೆ ಬರಿಸುವ ಹಾಗಿಲ್ಲ. ಡ್ರಿಪ್ ಹನಿಯುತ್ತಿರುವಾಗ ನಾನು ಇನ್ನೊಂದು ಕೈಯಲ್ಲಿ ಆಫೀಸಿನ ಮೇಲ್ ನೋಡುತ್ತಿರುತ್ತೇನೆ. ಸೂಜಿ ಹಳದಿ ಡಬ್ಬಿಗೆ ಹೋಗುತ್ತದೆ, ನರ್ಸ್ ಮುಂದಿನ ಮನೆಗೆ. ಬಿಲ್ ಇಲ್ಲ. ಮಗಳಿಗೆ ಮೊದಮೊದಲು ಆಸ್ಪತ್ರೆಯಲ್ಲೇ ಕೊಡುತ್ತಾರೆ, ಆಮೇಲೆ ಮನೆಯಲ್ಲಿ.

ಊರಲ್ಲಿ ಏನೂ ಇಲ್ಲ ಅಂತಲ್ಲ. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು, 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷಕ್ಕೆ ಏರಿಸಿದರು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಆ ನೀತಿಯಡಿ ಚಿಕಿತ್ಸೆ ಕೊಡುವ ಕೇಂದ್ರಗಳ ಪಟ್ಟಿಯಲ್ಲಿದೆ. ತೊಂದರೆ ಇರುವುದು ಆ ಮಿತಿಯಲ್ಲಿ. ಡ್ರಿಪ್ ಬದುಕಿರುವವರೆಗೂ ಬೇಕು, ಡೋಸ್ ಮೈತೂಕದ ಲೆಕ್ಕ. ಮಗು ಚೆನ್ನಾಗಿ ಬೆಳೆದಷ್ಟೂ ಖರ್ಚು ಜಾಸ್ತಿ. ಮಗಳ ತೂಕ ಏರಿದರೆ ತಾಯಿಗೆ ಎದೆ ಧಸಕ್ ಅನ್ನುವ ಕಾಯಿಲೆ ಇದು, ನಿಮಗೆ ನಾನು ಹೇಳಬೇಕಾ? ಇಲ್ಲಿ ಹಣ ಜನರ ತೆರಿಗೆಯಿಂದ ಬರುತ್ತದೆ, ವರ್ಷ ವರ್ಷವೂ. ಪೇಸ್ಲಿಪ್‌ನಲ್ಲಿ ಕಡಿತ ನೋಡಿ ಸಹೋದ್ಯೋಗಿಗಳು ಗೊಣಗುತ್ತಾರೆ. ನಾನು ಸುಮ್ನಿರುತ್ತೇನೆ.

ಹಾಗಂತ ಇದು ಸ್ವರ್ಗವೂ ಅಲ್ಲ. ಯಾವ ಔಷಧಿಗೆ ದುಡ್ಡು ಕೊಡಬೇಕು ಅಂತ ನೈಸ್ ಎಂಬ ಸಂಸ್ಥೆ ಅಳೆದು ತೂಗುತ್ತದೆ. ಶ್ವಾಸಕೋಶವನ್ನು ಕೆಡಿಸುವ ಹುಟ್ಟು ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್‌ನ ಆರ್ಕಾಂಬಿ ಔಷಧಿಯ ಬೆಲೆ ಜಾಸ್ತಿ ಅಂತ 2016ರಲ್ಲಿ ಬೇಡ ಅಂದರು. ಇಂಗ್ಲೆಂಡಿನ ರೋಗಿಗಳ ಕೈಗೆ ಅದು ಸಿಗುವ ಒಪ್ಪಂದ ಆಗಿದ್ದು 2019ರಲ್ಲಿ, ಅದೂ ಮನೆಯವರೆಲ್ಲ ಬೀದಿಗಿಳಿದ ಮೇಲೆ. ನಮ್ಮ ಅದೃಷ್ಟ, ಗೋಶೆ ಔಷಧಿಗೆ ಆ ಜಗ್ಗಾಟ ಇಲ್ಲ. ಆದರೆ ನಿಮಗೆ ಸಿಗುವ ಜಿಪಿ, ಅಂದರೆ ಮೊದಲು ನೋಡುವ ಬಡಾವಣೆಯ ಡಾಕ್ಟರ್, ಗೋಶೆ ಹೆಸರೇ ಕೇಳಿಲ್ಲದೆ ಇರಬಹುದು. ನನ್ನ ಮೊದಲ ಜಿಪಿ ನನ್ನೆದುರೇ ಕಂಪ್ಯೂಟರ್‌ನಲ್ಲಿ ಹುಡುಕಿದರು!

ಅದಕ್ಕೇ ಈಗಲೇ ನಿಮ್ಮ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಎಂಜೈಮ್ ಮತ್ತು ಜೀನ್ ರಿಪೋರ್ಟ್, ಔಷಧಿಯ ಹೆಸರು, ಡೋಸ್, ತೂಕ, ಗುಲ್ಮದ ಸ್ಕ್ಯಾನ್, ಎಲ್ಲ ಅದರಲ್ಲಿರಲಿ. ಇಲ್ಲಿಗೆ ಬಂದ ವಾರವೇ ಜಿಪಿ ಹತ್ತಿರ ಹೆಸರು ಬರೆಸಿ, ರಾಯಲ್ ಮ್ಯಾಂಚೆಸ್ಟರ್ ಮಕ್ಕಳ ಆಸ್ಪತ್ರೆಗೆ ರೆಫರ್ ಮಾಡಿ ಅಂತ ನೀವೇ ಕೇಳಿ. ಅವರಾಗಿಯೇ ಕಳಿಸಲಿ ಅಂತ ಕಾಯಬೇಡಿ. ಅಲ್ಲಿ ಇಂಥ ಕಾಯಿಲೆಗಳಿಗೇ ಪ್ರತ್ಯೇಕ ತಂಡವಿದೆ. ಕಾಗದಪತ್ರ ಮುಗಿಯುವಷ್ಟರಲ್ಲಿ ಒಂದೆರಡು ಡ್ರಿಪ್ ತಪ್ಪಬಹುದು, ಆ ಅಂತರಕ್ಕೆ ಏನು ಮಾಡಬೇಕು ಅಂತ ಬೆಂಗಳೂರಿನ ಡಾಕ್ಟರನ್ನೇ ಕೇಳಿಟ್ಟುಕೊಳ್ಳಿ. ಟಿಕೆಟನ್ನು ಡ್ರಿಪ್ ಆದ ಮರುದಿನಕ್ಕೋ ಅದರ ಮರುದಿನಕ್ಕೋ ಮಾಡಿಸಿ.

ಇನ್ನೊಂದು ಮಾತು. ಕೆಲವು ಕಂಪನಿಗಳು ಮನೆಯವರ ಸರ್‌ಚಾರ್ಜನ್ನೂ ತಾವೇ ಕಟ್ಟುತ್ತವೆ. ಆಫರ್‌ಗೆ ಸಹಿ ಹಾಕುವ ಮುಂಚೆ ಯಜಮಾನರು ಇದನ್ನು ಕೇಳಲಿ.