ಸಂಪಾದಕರ ಉತ್ತರ: ಬರ್ಮಾದ ಅರಮನೆಗಳು ಎಲ್ಲಿ ಹೋದವು?

ಮಾನ್ಯರೇ,

ಕಳೆದ ಸಂಚಿಕೆಯ ಬರ್ಮಾ ಚಿತ್ರಲೇಖನವನ್ನು ಓದಿ ನೀವು ಶಿರಸಿಯಿಂದ ಬರೆದ ಪತ್ರ ತಲುಪಿತು. ಒಂದೇ ಒಂದು ಅರಮನೆಯ ಚಿತ್ರ ಬಿಟ್ಟರೆ ಉಳಿದ ಪುಟಗಳೆಲ್ಲ ಪಗೋಡಗಳೇ ಆಗಿದ್ದವೆಂದೂ, ಅಲ್ಲಿನ ರಾಜರು ಎಲ್ಲಿ ಮಲಗುತ್ತಿದ್ದರು, ಪ್ರಜೆಗಳು ಎಲ್ಲಿ ಒಲೆ ಹೂಡುತ್ತಿದ್ದರು ಎಂಬುದು ತಿಳಿಯಲಿಲ್ಲವೆಂದೂ ಆಕ್ಷೇಪಿಸಿದ್ದೀರಿ. ಆಕ್ಷೇಪ ನ್ಯಾಯವಾದದ್ದು. ಬರ್ಮಾದ ಪ್ರಾಚೀನ ರಾಜಧಾನಿ ಬಗಾನಿನ ಕಮಾನುಗಳು ಬ್ರಿಟಿಷರ ಕಾಲದ ದುರಸ್ತಿಯೇ ಎಂದೂ ಕೇಳಿದ್ದೀರಿ.

ಕಮಾನಿನ ಮಾತನ್ನು ಮೊದಲು ಮುಗಿಸುತ್ತೇನೆ. ಅವು ಬ್ರಿಟಿಷರವಲ್ಲ. ಬಗಾನಿನ ಗಾರೆಯವರು 11–12ನೇ ಶತಮಾನಗಳಲ್ಲೇ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ನಿಲ್ಲುವಂತೆ ಜೋಡಿಸಿ ನಿಜವಾದ ಕಮಾನು ಕಟ್ಟುತ್ತಿದ್ದರು. ಕಾಂಬೋಡಿಯಾದ ಅಂಗ್ಕೋರ್‌ನಲ್ಲಿ ಅದೇ ಕಾಲದ ಶಿಲ್ಪಿಗಳು ಕಲ್ಲುಗಳನ್ನು ಹಂತಹಂತವಾಗಿ ಮುಂಚಾಚಿ ಛಾವಣಿ ಮುಚ್ಚುತ್ತಿದ್ದರು. ಕ್ಯಾನ್‌ಸಿತ್ತ ದೊರೆ 1105ರ ಸುಮಾರಿಗೆ ಕಟ್ಟಿಸಿದ ಆನಂದ ದೇಗುಲದಲ್ಲಿ ನಾಲ್ಕು ದಿಕ್ಕಿಗೆ ಮುಖಮಾಡಿ ನಿಂತ, ಸುಮಾರು 9.5 ಮೀಟರ್ ಎತ್ತರದ ಬುದ್ಧರಿಗೆ ಅಷ್ಟು ಎತ್ತರದ ಗೂಡು ಒದಗಿದ್ದೇ ಈ ಕಮಾನಿನಿಂದ.

ಇನ್ನು ಅರಮನೆ. ಬರ್ಮಾದಲ್ಲಿ ಇಟ್ಟಿಗೆ ಹೆಚ್ಚುಕಡಿಮೆ ಧರ್ಮಕ್ಕೆ ಮೀಸಲು. ಮನುಷ್ಯರು ವಾಸಿಸುವುದಕ್ಕೆ ಮರ ಮತ್ತು ಬಿದಿರು. ಹಂಪಿಯಲ್ಲಿ ಅರಮನೆಗಳ ಕಲ್ಲಿನ ಜಗಲಿಗಳಷ್ಟೇ ಉಳಿದು ಮೇಲಿನ ಮರದ ಅಂತಸ್ತುಗಳು ಮಾಯವಾದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯರು ಕಂಬಗಳ ಮೇಲೆ ಎತ್ತರಿಸಿದ ಬಿದಿರಿನ ಮನೆಗಳಲ್ಲಿದ್ದರು. ಚಿನ್ನದ ಲೇಪವಾಗಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ಛಾವಣಿಯಾಗಲಿ ಅವರ ಮನೆಗಳಿಗೆ ಸಲ್ಲುತ್ತಿರಲಿಲ್ಲ. ಆ ಛಾವಣಿಯನ್ನು ಬರ್ಮೀಯರು ‘ಪ್ಯಾತಟ್’ ಎನ್ನುತ್ತಾರೆ. ನಮ್ಮ ‘ಪ್ರಾಸಾದ’ವೇ ಪಾಲಿಯ ಮೂಲಕ ಅಲ್ಲಿಗೆ ಹೋಗಿ ಆ ರೂಪ ತಾಳಿದೆ.

ತೇಗದ ಅರಮನೆಗೆ ಇನ್ನೊಂದು ಗುಣವಿತ್ತು: ಬಿಚ್ಚಿ ಸಾಗಿಸಬಹುದಿತ್ತು. ರಾಜಧಾನಿ ಬದಲಾದಾಗಲೆಲ್ಲ ಕಂಬ ತೊಲೆಗಳೂ ಹೊರಟವು. ಹಿಂದಿನ ರಾಜಧಾನಿ ಇನ್ವಾದ ಹಳೆಯ ಅರಮನೆಯ ಮರ, ನಂತರದ ರಾಜಧಾನಿ ಅಮರಪುರದ ಕೆರೆಯ ಮೇಲೆ 1850ರ ಸುಮಾರಿಗೆ ಯು ಬೇಯ್ನ್ ಸೇತುವೆಯಾಯಿತು, 1.2 ಕಿಲೋಮೀಟರ್ ಉದ್ದದ ಅದರ ಮೇಲೆ ಜನ ಇಂದಿಗೂ ಓಡಾಡುತ್ತಾರೆ. ಮಿಂಡಾನ್ ದೊರೆ 1857ರಲ್ಲಿ ಹೊಸ ರಾಜಧಾನಿ ಮಂಡಲೇ ಕಟ್ಟತೊಡಗಿದಾಗ ಅಮರಪುರದ ಅರಮನೆಯೇ ಬಿಚ್ಚಿಕೊಂಡು ಅಲ್ಲಿಗೆ ಬಂತು.

ಆ ಅರಮನೆ 1945ರ ಮಾರ್ಚ್‌ನಲ್ಲಿ ಬ್ರಿಟಿಷ್ ಮತ್ತು ಜಪಾನಿ ಸೇನೆಗಳ ಕಾದಾಟದ ನಡುವೆ ಸುಟ್ಟುಹೋಯಿತು. ಆದರೆ ಅದರ ಒಂದು ತುಂಡು ಮಾತ್ರ ಬದುಕಿದೆ. ಮಿಂಡಾನ್ 1878ರಲ್ಲಿ ಕೊನೆಯುಸಿರೆಳೆದ ಕಟ್ಟಡದಲ್ಲಿ ತಂದೆಯ ಆತ್ಮ ಸುಳಿಯುತ್ತಿದೆಯೆಂದು ಮಗ ತೀಬೋ ಅಂಜಿದನಂತೆ. ಅದನ್ನು ಕಳಚಿಸಿ, ಕೋಟೆಯ ಹೊರಗೆ ಭಿಕ್ಷುಗಳ ವಿಹಾರವಾಗಿ ಮತ್ತೆ ನಿಲ್ಲಿಸಿದ. ಅದೇ ಶ್ವೇನಂದಾವ್, ಅಂದರೆ ‘ಚಿನ್ನದ ಅರಮನೆ’. ಹೊರಮೈಯ ಚಿನ್ನವನ್ನು ಮಳೆಬಿಸಿಲು ತೊಳೆದು ಈಗ ಕಪ್ಪಿಟ್ಟ ತೇಗವಷ್ಟೇ ಕಾಣುತ್ತದೆ. ಒಳಗೆ ಕಾಲಿಟ್ಟರೆ ಛಾವಣಿಯಲ್ಲಿ, ಕಂಬಗಳಲ್ಲಿ ಹಳೆಯ ಲೇಪ ಇನ್ನೂ ಮಿನುಗುತ್ತದೆ, ಗೋಡೆಗಳ ಹಲಗೆಗಳಲ್ಲಿ ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆಗಳ ಕೆತ್ತನೆಯಿದೆ. ರಾಜವಾಸವನ್ನು ನೋಡಬೇಕೆನ್ನುವ ನಿಮ್ಮಂಥವರು ಹೋಗಬೇಕಾದದ್ದು ಈ ವಿಹಾರಕ್ಕೆ. ಧಾರ್ಮಿಕ, ಲೌಕಿಕ ಎಂಬ ವಿಂಗಡಣೆ ಅಲ್ಲಿ ನಿಲ್ಲುವುದಿಲ್ಲ.

ಇಟ್ಟಿಗೆ ಶಾಶ್ವತವೆಂದೇನೂ ಅಲ್ಲ. ಇನ್ವಾದಲ್ಲಿ 1818ರಲ್ಲಿ ಕಟ್ಟಿದ ಮೆ ನು ವಿಹಾರ ಮರದ ವಿಹಾರದ ಆಕಾರವನ್ನೇ ಇಟ್ಟಿಗೆಯಲ್ಲಿ ಅನುಕರಿಸಿತ್ತು. 2025ರ ಮಾರ್ಚ್ 28ರ ಭೂಕಂಪ ಅದನ್ನು ತೀವ್ರವಾಗಿ ಘಾಸಿಗೊಳಿಸಿತು.

ನಮ್ಮ ಕಡೆಯ ತಪ್ಪೊಂದನ್ನೂ ಒಪ್ಪಿಕೊಳ್ಳಬೇಕಿದೆ. ನೀವು ಮೆಚ್ಚಿಕೊಂಡ ಆ ಏಕೈಕ ಅರಮನೆಯ ಚಿತ್ರದ ಕೆಳಗೆ ‘19ನೇ ಶತಮಾನದ ಮಂಡಲೇ ಅರಮನೆ’ ಎಂದು ಅಚ್ಚಾಗಿತ್ತು. ಚಿತ್ರದಲ್ಲಿರುವುದು 1990ರ ದಶಕದಲ್ಲಿ ಕಾಂಕ್ರೀಟು, ತಗಡುಗಳನ್ನು ಬಳಸಿ ಕಟ್ಟಿದ ಮರುನಿರ್ಮಾಣ. ದಯವಿಟ್ಟು ತಿದ್ದಿಕೊಂಡು ಓದಿ.

– ಸಂಪಾದಕ